ಕಿತ್ತೂರಿಗೆ ಹೋಗಿ ಬಿಚ್ಚದೆ ಬಂದ ಗಂಟು

ಇವತ್ತು ನನ್ನ ಮೊಮ್ಮಗಳು ಸಾಲೆಯ ಮಕ್ಕಳ ಜೊತೆ ಬಸ್ಸಿನಲ್ಲಿ ಕಿತ್ತೂರಿಗೆ ಹೋಗಿ, ಕೋಟೆ ನೋಡಿ, ಬುತ್ತಿ ಉಂಡು, ಹೊತ್ತು ಮುಳುಗುವ ಮೊದಲು ಒಣ ಬಟ್ಟೆಯಲ್ಲಿ ತಿರುಗಿ ಬಂದಳು. ಮೊದಲು ಈ ಸುದ್ದಿ ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಬೆಳಿಗ್ಗೆ ಹಾಕಿಕೊಂಡು ಹೋದ ಸಮವಸ್ತ್ರದಲ್ಲೇ ಬಂದಳು. ಪೂರಾ ಎಂಟು ತಾಸು. ಹನ್ನೊಂದು ವರ್ಷದ ಹುಡುಗಿ ಒಣ ಬಟ್ಟೆಯಲ್ಲಿ ಮನೆಗೆ ಬಂದರೆ ಅದೂ ಒಂದು ಸುದ್ದಿಯೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ನನಗಂತೂ ಸಂಜೆಯಿಂದ ಕುಂತಲ್ಲಿ ಕುಂದ್ರಲು ಆಗುತ್ತಿಲ್ಲ.

ಹೇಳಿದ ಕೂಡಲೇ ನಂಬುವ ಪೈಕಿ ನಾನಲ್ಲ. ಬಸ್ಸಿನಿಂದ ಇಳಿದವಳೇ "ಆಯಿ, ಏನೂ ಆಗಲಿಲ್ಲ" ಎಂದಳು. ನಾನು ಅವಳ ಕೈಚೀಲ ಇಸಿದುಕೊಂಡೆ. ಒಳಗೆ ಬೆಳಿಗ್ಗೆ ನಾನೇ ಕಟ್ಟಿಕೊಟ್ಟ ಗಂಟು ಇತ್ತು. ಎರಡು ಜೊತೆ ಬಟ್ಟೆ, ಒಂದು ಟವೆಲ್, ಸಾಬೂನಿನ ತುಂಡು. ನಾನು ಗಂಟು ಹಾಕುವ ರೀತಿ ಬೇರೆ. ಎಡಕ್ಕೆ ಎರಡು ಸುತ್ತು, ತುದಿ ಒಳಗೆ. ಬೇರೆ ಯಾರು ಬಿಚ್ಚಿ ಕಟ್ಟಿದರೂ ತುದಿ ಹೊರಗೆ ಉಳಿಯುತ್ತದೆ. ತುದಿ ಒಳಗೇ ಇತ್ತು. ಆದರೂ ಸಮಾಧಾನವಾಗದೆ ಅವಳ ಲಂಗದ ಹಿಂಭಾಗ ಹಿಡಿದು ಮೂಸಿದೆ.

"ಏನ ಆಯಿ, ಬೆಕ್ಕಿನಂಗ ಮೂಸಾಕ ಹತ್ತೀಯಲ್ಲ. ಮಂದಿ ನೋಡ್ತಾರ, ಬಿಡ."

ಬಸ್ಸಿನ ಧೂಳು, ಬುತ್ತಿಯ ಶೇಂಗಾ ಹಿಂಡಿಯ ವಾಸನೆ. ಮತ್ತೇನೂ ಇಲ್ಲ. ಆಗ ಮಾತ್ರ ನಂಬಿದೆ. ನಂಬಿದ ಮೇಲೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಳುವುದನ್ನು ಕಂಡರೆ ಅವಳು ಇನ್ನೂ ಬೈಯುತ್ತಾಳೆ.

ಸಂಶಯಪಡುವುದು ನನ್ನ ಕೆಲಸ. ಬೈಲಹೊಂಗಲದಿಂದ ಸಂಪಗಾಂವದ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಊರಿಗೆ ನೀರು ಬಿಡುವವಳು ನಾನು. ಯಜಮಾನರು ತೀರಿದ ಮೇಲೆ ಅವರ ವಾಲ್ ಚಾವಿ ನನ್ನ ಕೈಗೆ ಬಂತು, ನಾನು ಮೂರನೆಯ ಇಯತ್ತೆ ಕಲಿತವಳು. ಮೇಲಿನ ಓಣಿಗೆ ಒಂದು ಪಾಳಿ, ಕೆಳಗಿನ ಓಣಿಗೆ ಒಂದು ಪಾಳಿ. ಪಾಳಿ ಮುಗಿದು ವಾಲ್ ಬಂದ್ ಮಾಡಿದ ಮೇಲೆ ಅದರ ತಲೆಗೆ ಒಂದು ಕರಿ ದಾರ ಸುತ್ತಿ ಬರುತ್ತೇನೆ. ಯಾರಾದರೂ ಕದ್ದು ತಿರುಗಿಸಿದರೆ ದಾರ ಹರಿದಿರುತ್ತದೆ. ಮರುದಿನ ಯಾರ ಮನೆಯ ಮುಂದೆ ನೆಲ ಹಸಿ ಇದೆ ಎಂದು ನೋಡಿದರೆ ಸಾಕು, ಕಳ್ಳ ಸಿಕ್ಕ. ಈ ದಾರದ ಚಟ ನನ್ನನ್ನು ಎಲ್ಲಿಗೆ ಒಯ್ದಿತು ಎಂಬುದನ್ನೇ ಈಗ ಬರೆಯಬೇಕು.

ಮೊಮ್ಮಗಳು ಹುಟ್ಟಿದಾಗ ಬೆನ್ನೆಲುಬಿನ ಕೆಳತುದಿಗೆ, ಸೊಂಟದ ಮೇಲೆ ನಿಂಬೆಹಣ್ಣಿನಷ್ಟು ಗಂಟು ಇತ್ತು. ದೊಡ್ಡಾಸ್ಪತ್ರೆಯಲ್ಲಿ ತೆಗೆದರು. ಒಂದು ಕಾಲು ಸ್ವಲ್ಪ ಎಳೆಯುತ್ತದೆ, ಪಟ್ಟಿ ಇರುವ ಬೂಟು ಹಾಕುತ್ತಾಳೆ. ಸೊಂಟದ ಕೆಳಗಿನ ನರಗಳಿಗೆ ಪೆಟ್ಟಾಗಿದೆ, ಮೂತ್ರ ತುಂಬಿದ್ದು, ಎರಡಕ್ಕೆ ಬಂದದ್ದು ಇವಳಿಗೆ ಗೊತ್ತಾಗುವುದಿಲ್ಲ, ತಡೆಯಲೂ ಆಗುವುದಿಲ್ಲ ಎಂದು ಡಾಕ್ಟರು ಆಗಲೇ ಹೇಳಿದ್ದರು. ಮೂತ್ರವನ್ನು ನಳಿಗೆ ಹಾಕಿ ತೆಗೆಯುವುದನ್ನು ಸೊಸೆ ಕಲಿತು ಮಗಳಿಗೂ ಕಲಿಸಿದಳು. ಅದನ್ನು ಅವಳೇ ಮಾಡಿಕೊಳ್ಳುತ್ತಾಳೆ. ಎರಡಕ್ಕೆ ಮಾತ್ರ ದಿನಾ ಒಂದು ಪುಡಿ ನೀರಿನಲ್ಲಿ ಕಲಸಿ ಕುಡಿಸಬೇಕು, ಊಟವಾದ ಮೇಲೆ ಗೊತ್ತಾದ ಹೊತ್ತಿಗೆ ಸಂಡಾಸದಲ್ಲಿ ಕೂರಿಸಬೇಕು. ಐದನೆಯ ಇಯತ್ತೆಯ ತನಕ ಹೇಗೋ ನಡೆಯಿತು.

ಈ ಸಲ ಜೂನಿನಲ್ಲಿ ಆರನೆಯ ಇಯತ್ತೆಗೆ ಹೊಸ ಸಾಲೆ. ಬೆಳಿಗ್ಗೆ ಬೇಗ ಹೊರಡಬೇಕು, ಕೂರುವ ಹೊತ್ತು ತಪ್ಪಿತು. ಸಾಲೆಯಲ್ಲಿ ಸಂಡಾಸಕ್ಕೆ ಹೋಗಲು ನಾಚಿ ನೀರು ಕುಡಿಯುವುದನ್ನೇ ಬಿಟ್ಟಳು. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೆ: ಶ್ರಾವಣ ಬರುವಷ್ಟರಲ್ಲಿ ದಿನಕ್ಕೆ ಎರಡು ಸಲ, ಮೂರು ಸಲ ಬಟ್ಟೆ ಕೆಡತೊಡಗಿತು. ತೆಳ್ಳಗೆ, ನೀರಿನಂತೆ.

ಸೊಸೆ ಬೈಲಹೊಂಗಲದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಮಗ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಹಗಲು ಮನೆಯಲ್ಲಿ ನಾನೇ. ಹಾಗಾಗಿ ಕಳ್ಳನನ್ನು ಹುಡುಕುವ ಕೆಲಸ ನನ್ನದು ಎಂದುಕೊಂಡೆ.

ಮೊದಲ ಸಂಶಯ ಸಾಲೆಯಲ್ಲಿ ಅಡುಗೆ ಮಾಡುವವಳ ಮೇಲೆ. ಒಂದು ಮಧ್ಯಾಹ್ನ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಸಾರು ಒಂದು ಚಮಚೆ ಅಂಗೈಗೆ ಹಾಕಿಸಿಕೊಂಡು ನೆಕ್ಕಿದೆ.

"ಏನ ಆಯಿ, ಪರೀಕ್ಷಾ ಮಾಡಾಕ ಬಂದೀರೇನ್ರಿ? ಮುನ್ನೂರು ಹುಡುಗ್ರು ಇದನ್ನ ಉಣ್ತಾವ. ನಿಮ್ಮ ಕೂಸಿಗೊಂದಕ್ಕ ಹೆಂಗ ಬ್ಯಾನಿ ಬರತೈತಿ?"

ಎರಡನೆಯ ಸಂಶಯ ಪಕ್ಕದ ಮನೆಯವಳ ಮೇಲೆ. ಅವರ ಹಿತ್ತಲಲ್ಲಿ ಪೇರಲ ಗಿಡ ಇದೆ, ಕೂಸಿಗೆ ಕೊಟ್ಟಿರಬೇಕು ಎಂದು. ಕೇಳಿದರೆ ಅವಳು, "ಗಿಡದಾಗ ಇನ್ನೂ ಹೂವಿಲ್ಲ, ಹಣ್ಣು ನಿಮ್ಮ ಕಣ್ಣಾಗ ಐತೇನು?" ಎಂದಳು. ಹೋಗಲಿ, ದೃಷ್ಟಿ ತಾಗಿರಬೇಕು ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಮರುದಿನವೂ ಅದೇ ಬಟ್ಟೆ, ಅದೇ ಬಕೆಟ್ಟು.

ಉಳಿದವಳು ಸೊಸೆ. ಆ ಪುಡಿ ಮಲವನ್ನು ಮೆತ್ತಗೆ ಮಾಡುತ್ತದೆ ಎಂದು ಅವಳೇ ಹೇಳಿದ್ದಳು. ಮೊದಲೇ ನೀರಿನಂತೆ ಹೋಗುವ ಕೂಸಿಗೆ ಮತ್ತೆ ಮೆತ್ತಗಾಗುವ ಪುಡಿ ಯಾಕೆ?

"ಪುಡಿ ನಿಲ್ಲಸ ನೀ," ಎಂದೆ.

"ನಿಲ್ಲಸಬ್ಯಾಡ ಅಂತ ಡಾಕ್ಟರು ಅಂದಾರ ಅತ್ತಿ. ನಮ್ಮ ಮನಸ್ಸಿಗೆ ಬಂದಂಗ ಮಾಡಾಕ ಬರೂದಿಲ್ಲ."

"ಹಂಗಾದ್ರ ಡಬ್ಬಿ ನನ್ನ ಕೈಯಾಗ ಕೊಡ. ನೀ ಒಂಬತ್ತಕ್ಕ ಹೋಗತಿ, ದಿನಾ ನಾ ಕುಡಸ್ತೇನಿ."

ಅವಳು ನಂಬಿ ಕೊಟ್ಟಳು. ನಾನು ಒಂದು ದಿನವೂ ಕುಡಿಸಲಿಲ್ಲ. ಬದಲಿಗೆ ದಾಳಿಂಬೆಯ ಸಿಪ್ಪೆ ಒಣಗಿಸಿ, ಕುಟ್ಟಿ, ವಸ್ತ್ರದಲ್ಲಿ ಸೋಸಿ, ಮಜ್ಜಿಗೆಯಲ್ಲಿ ಕಲಸಿ ಕೊಟ್ಟೆ. ನಮ್ಮ ಅವ್ವ ನಮಗೆ ಕೊಡುತ್ತಿದ್ದದ್ದು ಅದೇ. ಹೊಟ್ಟೆ ಕಟ್ಟುತ್ತದೆ.

"ಮಜ್ಜಿಗಿ ಒಗರ ಆಗೈತಿ ಆಯಿ."

"ಕುಡೀ ಅವ್ವಿ. ಅವ್ವಗ ಹೇಳಬ್ಯಾಡ."

ಎರಡು ದಿನ ಬಟ್ಟೆ ಕೆಡಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಮೂರನೆಯ ದಿನ ಮತ್ತೆ ಶುರು, ಮೊದಲಿಗಿಂತ ಹೆಚ್ಚು. ಆಗ ನನ್ನ ತಲೆಯಲ್ಲಿ ಬಂದದ್ದು ಒಂದೇ: ಸೊಸೆ ನನಗೆ ಗೊತ್ತಾಗದ ಹಾಗೆ ಪುಡಿ ಕುಡಿಸುತ್ತಿದ್ದಾಳೆ. ಡಬ್ಬಿಯ ಮುಚ್ಚಳಕ್ಕೆ ಕರಿ ದಾರ ಸುತ್ತಿದೆ. ಎಡಕ್ಕೆ ಎರಡು ಸುತ್ತು, ತುದಿ ಒಳಗೆ. ದಿನಾ ಸಂಜೆ ತೆಗೆದು ನೋಡಿದೆ. ಒಂದು ವಾರ, ಎರಡು ವಾರ. ದಾರ ಹೇಗಿತ್ತೋ ಹಾಗೇ ಇತ್ತು. ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಬೇರೆ ಡಬ್ಬಿ ತಂದಿರಬೇಕು ಎಂದು ಅವಳ ಟ್ರಂಕನ್ನೂ ತೆರೆದು ನೋಡಿದೆ. ಸೀರೆಗಳ ಕೆಳಗೆ ಮಗಳ ಸಣ್ಣಂದಿನ ಕಾಲ್ಗೆಜ್ಜೆ ಇದ್ದವು, ಪುಡಿ ಇರಲಿಲ್ಲ.

ಗಣಪತಿ ಹಬ್ಬದ ಮುಂಚೆ ಸಾಲೆಯ ಮುಖ್ಯ ಶಿಕ್ಷಕಿ ನನ್ನನ್ನು ಕರೆಸಿದರು. ಕೆಟ್ಟ ಹೆಂಗಸಲ್ಲ. ಕುರ್ಚಿ ಕೊಟ್ಟರು, ಬಾಗಿಲು ಮುಂದಕ್ಕೆಳೆದರು.

"ಆಯಿ, ನಿಮ್ಮ ಕೂಸಿನ ಬಾಜೂಕ ಕುಂಡ್ರಾಕ ಹುಡುಗ್ರು ಒಲ್ಲೆ ಅಂತಾರ. ನಾ ಬೈದು ಕುಂಡ್ರಸ್ತೇನಿ, ಆದ್ರ ಕೂಸ ತಾನ ಎದ್ದ ಹೋಗಿ ಕಡೀ ಬಾಕಿನ ಮ್ಯಾಲ ಕುಂಡ್ರತೈತಿ. ದಸರಾ ಸೂಟಿ ಮುಗಿಯೂತನಾ ನೋಡೂನು. ಆಗಲಿಲ್ಲಂದ್ರ ಮನ್ಯಾಗ ಇದ್ದ ಕಲಿಯೂ ವ್ಯವಸ್ಥಾ ಐತಿ. ನಮ್ಮವರ ಒಬ್ರು ನಿಮ್ಮ ಮನಿಗೆ ಬರ್ತಾರ."

"ದಿನಾ ಬರ್ತಾರೇನ್ರಿ ಅಕ್ಕೋರ?"

"ದಿನಾ ಅಂತ ಹೆಂಗ ಹೇಳ್ಲಿ?"

ಮನೆಗೆ ಬಂದರೆ ಕೂಸು ಬುತ್ತಿ ಡಬ್ಬಿ ತೊಳೆಯುತ್ತಿದ್ದಳು. ಸಾಲೆಯ ಅಡುಗೆ ಬೇಡವೆಂದು ನಾನು ಕಟ್ಟಿಕೊಟ್ಟಿದ್ದ ರೊಟ್ಟಿ ಎಮ್ಮೆಯ ಬಾನಿಯಲ್ಲಿ ಬಿದ್ದಿತ್ತು. ಉಂಡರೆ ಬರುತ್ತದೆ ಎಂದು ಊಟವನ್ನೇ ಬಿಟ್ಟಿದ್ದಳು. ಮನೆಯಲ್ಲೂ ನಮ್ಮ ಜೊತೆ ಉಣ್ಣಲು ಬಾರದೆ ಹಿತ್ತಲ ಬಾಗಿಲಲ್ಲಿ ತಾಟು ಇಟ್ಟುಕೊಂಡು ಕೂರುತ್ತಿದ್ದಳು, ನಡುವೆ ಏನಾದರೂ ಆದರೆ ಎದ್ದು ಓಡಲು.

"ಆಯಿ, ನಾ ಸಾಲಿ ಬಿಡ್ತೇನಿ," ಎಂದಳು. ಅತ್ತುಕೊಂಡು ಹೇಳಿದ್ದರೆ ನಾನು ಬೈದು ಸುಮ್ಮನಾಗಿಸುತ್ತಿದ್ದೆ. ಸಂತೆಯಿಂದ ಏನು ತರಬೇಕೆಂದು ಹೇಳುವ ಹಾಗೆ ಹೇಳಿದಳು.

ಆ ವಾರವೇ ಮೇಲಿನ ಓಣಿಯ ಪೈಪು ಸೋರತೊಡಗಿತು. ಒಂದು ಜಾಯಿಂಟಿಗೆ ಹಳೇ ಸೈಕಲ್ ಟ್ಯೂಬು ಬಿಗಿದು ಕಟ್ಟಿದೆ. ಮರುದಿನ ಅದರ ಹಿಂದಿನ ಜಾಯಿಂಟು ಸೋರಿತು. ಅದಕ್ಕೂ ಕಟ್ಟಿದೆ. ಅದರ ಹಿಂದಿನದು ಸೋರಿತು. ಅಗೆಯಬೇಕೆಂದು ಗೊತ್ತಿತ್ತು, ಆದರೆ ಅಗೆಯಲು ಪಂಚಾಯಿತಿಯ ಒಪ್ಪಿಗೆ ಬೇಕು, ಟ್ಯೂಬು ಸುತ್ತಲು ಯಾರ ಒಪ್ಪಿಗೆಯೂ ಬೇಡ. ಕೊನೆಗೆ ಬೈಲಹೊಂಗಲದಿಂದ ಫಿಟ್ಟರ್ ಬಂದ. ನನ್ನ ಟ್ಯೂಬಿನ ಕಟ್ಟುಗಳನ್ನು ನೋಡಿ ನಕ್ಕ.

"ಏನ್ರಿ ಆಯಿ, ಪೈಪಿಗೆ ರುಮಾಲ ಸುತ್ತೀರಿ? ಮುಂದ ಗಚ್ಚ ಹಿಡದೈತಿ. ನೀರಿಗೆ ಹೋಗಾಕ ದಾರಿ ಇಲ್ಲಂದ್ರ ಸಿಕ್ಕ ಸಂದ್ಯಾಗ ಹೊಂಡತೈತಿ. ಸೋರೂದು ರೋಗ ಅಲ್ಲ, ಕಟ್ಟಿದ್ದು ರೋಗ."

ಅವನು ಪೈಪು ಕೊಯ್ದು ತೋರಿಸಿದ. ಒಳಗೆ ಮಣ್ಣು, ಬೇರು, ಸುಣ್ಣ ಸೇರಿ ಕಲ್ಲಿನ ಹಾಗೆ ಕೂತಿತ್ತು. ನಡುವೆ ಬೆರಳು ಹೋಗುವಷ್ಟು ಸಂದು. ಆ ಸಂದಿನಿಂದ ಮಾತ್ರ ತೆಳ್ಳಗೆ ನೀರು ಇಳಿಯುತ್ತಿತ್ತು. ನಾನು ಚಾವಿ ಅಲ್ಲೇ ಬಿಟ್ಟು ಮನೆಗೆ ಬಂದೆ.

ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದೆ. ಹೊಕ್ಕುಳದ ಕೆಳಗೆ ಎಡಕ್ಕೆ, ಒಂದರ ಹಿಂದೆ ಒಂದು, ಹೊಳೆಯ ಗುಂಡುಕಲ್ಲಿನಂಥ ಗಂಟುಗಳು. ಒತ್ತಿದರೂ ಅವಳಿಗೆ ನೋವಿಲ್ಲ. ನೋವಾದರೆ ತಾನೆ ಹೇಳುವುದು? ದಾರ ಯಾಕೆ ಹರಿದಿರಲಿಲ್ಲ ಎಂಬುದು ಆಗ ತಿಳಿಯಿತು. ವಾಲ್ ಯಾರೂ ತಿರುಗಿಸಿರಲಿಲ್ಲ. ನಾನೇ ಸಿಪ್ಪೆ ಕುಟ್ಟಿ ಪೈಪು ಕಟ್ಟಿದ್ದೆ.

ಮರುದಿನ ಸೊಸೆ ರಜೆ ಹಾಕಿದಳು. ಮೂವರೂ ದೊಡ್ಡಾಸ್ಪತ್ರೆಗೆ ಹೋದೆವು. ಹೊಟ್ಟೆಯ ಎಕ್ಸ್‌ರೇ ತೆಗೆದರು. ಅಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳುವ ನರ್ಸ್ ಒಬ್ಬಳಿದ್ದಳು, ರಾಮದುರ್ಗದ ಆಚೆ ಕಟಕೋಳ ಕಡೆಯವಳು, ಮಾತು ಕಟಕೋಳದ ಬಿಸಿಲಿನಂತೆ ನೇರ. ಅವಳು ಬೆಳಕಿನ ಮುಂದೆ ಫಿಲಂ ಹಿಡಿದು ಬೆರಳಿಟ್ಟು ತೋರಿಸಿದಳು. ಕೆಳಗಿನಿಂದ ಮೇಲಿನ ತನಕ ತುಂಬಿ ನಿಂತಿತ್ತು.

"ಪುಡಿ ದಿನಾ ಕೊಟ್ಟೀರೇನ್ರಿ?"

"ಹ್ಞೂಂ ರಿ," ಎಂದಳು ಸೊಸೆ. "ಅತ್ತಿ ತಾವ ಕೈಯಾರ ಕುಡಸ್ತಾರ."

ನಾನು ನೆಲ ನೋಡಿದೆ. ಡಾಕ್ಟರು ಹಳೇ ಕಾಗದ ಓದಿ, ದಿನಾ ಪುಡಿ ಕೊಟ್ಟರೂ ಹೀಗಾಗಿದೆ ಎಂದರೆ ಪುಡಿ ಇವಳಿಗೆ ಹತ್ತುತ್ತಿಲ್ಲ, ಹೊಟ್ಟೆಯಲ್ಲೇ ಸಣ್ಣ ದಾರಿ ಮಾಡಿ ಮೇಲಿನಿಂದ ತೊಳೆಯುವ ಆಪರೇಶನ್ ವಿಚಾರ ಮಾಡಬೇಕಾಗುತ್ತದೆ ಎಂದರು. ಸೊಸೆಯ ಕೈ ಕೂಸಿನ ಹೆಗಲ ಮೇಲೆ ಬಿಗಿಯಾಯಿತು. ಕೂಸು ನನ್ನ ಮುಖ ನೋಡಿತು. ಅದಕ್ಕೆ ಮಜ್ಜಿಗೆಯ ಸಂಗತಿ ಗೊತ್ತು. ಅವ್ವನಿಗೆ ಹೇಳಬೇಡ ಎಂದಿದ್ದೆನಲ್ಲ, ಬಾಯಿ ಮುಚ್ಚಿಕೊಂಡು ಕೂತಿತ್ತು. ನಾನು ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಕೂಸಿನ ಹೊಟ್ಟೆ ಕೊಯ್ಯುತ್ತಿದ್ದರು.

"ಪುಡಿ ಕೊಟ್ಟಿಲ್ರಿ," ಎಂದೆ. "ಡಬ್ಬಿ ನನ್ನ ಕೈಗೆ ಬಂದ ಮ್ಯಾಲ ಒಂದ ದಿನಾನೂ ಕೊಟ್ಟಿಲ್ಲ. ದಾಳಿಂಬರಿ ಸಿಪ್ಪಿ ಕೊಟ್ಟೇನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ನರ್ಸ್ ಮಾತ್ರ, "ಹೇಳಿದ್ದು ಚಲೋ ಆತು ಆಯಿ. ಇಂಥಾದ್ದನ್ನ ಭಾಳ ಮಂದಿ ಹೇಳೂದಿಲ್ಲ. ಗಟ್ಟಿ ಆದದ್ದರ ಬಾಜೂಕಿಂದ ತೆಳ್ಳಗಿಂದು ಸೋರತೈತಿ. ಜುಲಾಬ ಅಂತ ತಿಳದು ಕಟ್ಟಾಕ ಹೋಗ್ತಾರ," ಎಂದಳು. ಆಪರೇಶನ್ ಮಾತು ಅಲ್ಲಿಗೆ ನಿಂತಿತು.

ಹೊರಗೆ ಬಾಕಿನ ಮೇಲೆ ಸೊಸೆ ನನ್ನಿಂದ ಒಂದು ಮಾರು ದೂರ ಕುಳಿತಳು. ಒಂದೇ ಮಾತು ಆಡಿದಳು.

"ಡಬ್ಬಿಗೆ ದಾರ ಕಟ್ಟಿದ್ದು ನಾ ನೋಡೀನಿ ಅತ್ತಿ. ನಿಮಗ ಕಟ್ಟಬೇಕಿತ್ತು."

ಕೂಸನ್ನು ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಅದೇ ಪುಡಿಯನ್ನು ಅವರೇ ಲೆಕ್ಕ ಹಾಕಿ ಹೆಚ್ಚು ನೀರಿನಲ್ಲಿ ಕಲಸಿ ಕುಡಿಸಿ ಹೊಟ್ಟೆ ಪೂರಾ ಖಾಲಿ ಮಾಡಿಸಿದರು. ಆಮೇಲೆ ಕಲಿಸಿದ್ದು ಹಿಂದಿನಿಂದ ನೀರು ಹಾಕಿ ಕರುಳು ತೊಳೆಯುವ ಕೆಲಸ. ಒಂದು ನೀರಿನ ಚೀಲ, ಅದಕ್ಕೊಂದು ನಳಿಗೆ, ನಳಿಗೆಯ ತುದಿಗೆ ಮೆತ್ತನೆಯ ಚೂಪು ಮೂತಿ, ನಡುವೆ ನೀರು ಬಿಡಲು ನಿಲ್ಲಿಸಲು ಒಂದು ಪುಟ್ಟ ಚಾವಿ. ಚಾವಿ ನೋಡಿ ನನಗೆ ಧೈರ್ಯ ಬಂತು. ನರ್ಸ್ ಒಂದೊಂದೇ ಹೇಳಿದಳು. ಉಂಡ ಮೇಲೆ ಅರ್ಧ ತಾಸಿಗೆ ಕರುಳು ತಾನೇ ಅಲ್ಲಾಡುತ್ತದೆ, ಆ ಹೊತ್ತಿಗೇ ಕೂರಿಸಬೇಕು. ಕಾಲು ತೂಗಾಡಬಾರದು, ಪಾದದ ಕೆಳಗೆ ಮಣೆ ಕೊಡಬೇಕು, ಮೊಣಕಾಲು ಸೊಂಟಕ್ಕಿಂತ ಮೇಲಿರಬೇಕು. ನೀರು ಮೊಣಕೈಗೆ ಉಗುರುಬೆಚ್ಚಗೆ ಹತ್ತಬೇಕು, ಅವಳು ಬರೆದುಕೊಟ್ಟಷ್ಟೇ ಇರಬೇಕು. ಕೈಗೆ ರಬ್ಬರಿನ ಗ್ಲೋವ್ಸ್ ಬೇಡ, ಇಂಥ ಮಕ್ಕಳಿಗೆ ರಬ್ಬರು ಆಗಿಬರುವುದಿಲ್ಲ. ಹಾಗೆಂದಾಗ ನನ್ನ ಸೈಕಲ್ ಟ್ಯೂಬಿನ ತುಂಡುಗಳನ್ನು ಮನೆಯಿಂದ ಹೊರಗೆ ಒಯ್ಯಬೇಕೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ಕೊನೆಗೆ ಒಂದು ವಹಿ ಕೊಟ್ಟಳು. ಹೊತ್ತು, ನೀರು, ಏನು ಬಂತು, ಬಟ್ಟೆ ಕೆಟ್ಟಿತೋ ಇಲ್ಲವೋ, ದಿನಾ ಬರೆಯಬೇಕು.

ಮನೆಗೆ ಬಂದ ಮೇಲೆ ಸೊಸೆ ಚೀಲ ಮುಟ್ಟಗೊಡಲಿಲ್ಲ. ಎರಡು ವಾರ ಅವಳೇ ಮಾಡಿದಳು, ಪುಡಿಯ ಡಬ್ಬಿಯನ್ನು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕಿವಿ ಕೊಟ್ಟು ಕೇಳುತ್ತಿದ್ದೆ. ಅವಳಿಗೆ ಅಂಗಡಿಗೆ ದಿನಾ ತಡವಾಗಿ ಮಾಲೀಕ ಗೊಣಗತೊಡಗಿದ. ಒಂದು ಸಂಜೆ ಬಂದು ಚೀಲವನ್ನು ನನ್ನ ಮುಂದೆ ಇಟ್ಟಳು.

"ನಾಳಿಂದ ನೀವ ಮಾಡ್ರಿ. ವಹಿ ಸಂಜೀಕ ನಾ ನೋಡತೇನಿ."

ನೋಡಲಿ ಎಂದುಕೊಂಡೆ. ನಾನು ಊರನ್ನೆಲ್ಲ ನೋಡಿದವಳು.

ಮೊದಲ ದಿನವೇ ಕೆಡಿಸಿದೆ. ನೀರಿಗೆ ಎತ್ತರ ಬೇಕು ಎಂಬುದು ನನ್ನ ಕಸುಬು. ಟಾಕಿ ಎತ್ತರವಿದ್ದಷ್ಟು ನಳ ಜೋರು. ಚೀಲವನ್ನು ಸೂರಿನ ಗೂಟಕ್ಕೆ ಏರಿಸಿ ಚಾವಿ ಪೂರಾ ತೆರೆದೆ. ಕೂಸಿನ ಹಣೆಯಲ್ಲಿ ಬೆವರು ಬಂತು, ತುಟಿ ಬೆಳ್ಳಗಾಯಿತು.

"ಆಯಿ, ಹೊಟ್ಟಿ ಹಿಂಡತೈತಿ, ಬಂದ್ ಮಾಡ."

ಬಂದ್ ಮಾಡಿದೆ. ನರ್ಸಿಗೆ ಫೋನ್ ಹಚ್ಚಿದರೆ, "ಅದ ಊರಿನ ಟಾಕಿ ಅಲ್ರಿ ಆಯಿ, ಕೂಸಿನ ಕರಳ. ಭುಜದ ಮಟ ಹಿಡೀರಿ, ಅರ್ಧ ಚಾವಿ ಬಿಡ್ರಿ, ಹಿಂಡಿದ್ರ ನಿಲ್ಲಸ್ರಿ, ಮತ್ತ ಬಿಡ್ರಿ," ಎಂದಳು. ಆವತ್ತು ವಹಿಯಲ್ಲಿ ಬರೆದೆ: ಚೀಲ ಎತ್ತರ ಆಯಿತು, ತಪ್ಪು ನನ್ನದು. ಸೊಸೆ ಸಂಜೆ ಓದಿದಳು. ಗೂಟವನ್ನು ಕಿತ್ತು ಭುಜದ ಮಟ್ಟಕ್ಕೆ ಹೊಡೆದಳು.

ಹೊತ್ತಿನದು ಇನ್ನೊಂದು ಪೇಚು. ಕೂಸು ಉಂಡು, ಅರ್ಧ ತಾಸು ಬಿಟ್ಟು, ನೀರು ಹಾಕಿ, ಪೂರಾ ಖಾಲಿಯಾಗಿ ಏಳಲು ಒಂದು ತಾಸಿನ ಮೇಲೆ ಬೇಕು. ಸಂಜೆ ಮಾಡೋಣ ಎಂದರೆ ಹಿತ್ತಲ ಗೋಡೆಯ ಆಚೆ ಹೆಂಗಸರು ಕೂತಿರುತ್ತಾರೆ, ಅವಳು ಒಲ್ಲೆ ಎಂದಳು. ಬೆಳಿಗ್ಗೆ ಎಂದರೆ ಅದೇ ಹೊತ್ತಿಗೆ ಮೇಲಿನ ಓಣಿಯ ಪಾಳಿ. ಒಂದು ದಿನ ಎರಡನ್ನೂ ಮಾಡಲು ಹೋಗಿ, ಅವಳನ್ನು ನಡುವೆಯೇ ಎಬ್ಬಿಸಿ ಕಳಿಸಿದೆ. ಗಣಿತದ ಪಾಠದಲ್ಲಿ ಬಟ್ಟೆ ಕೆಟ್ಟಿತು.

ಮರುದಿನ ನಾನು ಯಾರನ್ನೂ ಕೇಳದೆ ಪಾಳಿ ಬದಲಿಸಿದೆ. ಮೊದಲು ಕೆಳಗಿನ ಓಣಿಗೆ ಬಿಟ್ಟು ಮನೆಗೆ ಬರುವುದು, ಕೂಸಿನ ಕೆಲಸ ಮುಗಿಸುವುದು, ಆಮೇಲೆ ಮೇಲಿನ ಓಣಿ. ಒಂದು ತಾಸು ತಡ. ಮೂರನೆಯ ದಿನಕ್ಕೆ ಮೇಲಿನ ಓಣಿಯ ಹಿರಿಯಾಕೆ ಕೊಡ ಸೊಂಟಕ್ಕಿಟ್ಟು ದಾರಿಗೆ ಅಡ್ಡ ನಿಂತಳು.

"ಕೆಳಗಿನ ಓಣ್ಯಾವ್ರು ಏನ ಉಣಿಸ್ಯಾರ ನಿಮಗ?"

"ವಾಲ್ ಕೆಟ್ಟೈತಿ."

"ವಾಲ್ ಕೆಟ್ಟೈತೋ, ಚಾವಿ ಹಿಡದ ಕೈ ಕೆಟ್ಟೈತೋ?"

ನಿಜ ಹೇಳಿದ್ದರೆ ಅವಳೂ ಮೆತ್ತಗಾಗುತ್ತಿದ್ದಳು. ಆದರೆ ಹೊರಗೆ ಹೇಳುವುದಿಲ್ಲ ಎಂದು ಕೂಸಿನ ಕೈ ಮೇಲೆ ಕೈ ಇಟ್ಟಿದ್ದೆ. ಈಗ ಬರೆಯುತ್ತಿರುವುದಕ್ಕೂ ಅವಳ ಒಪ್ಪಿಗೆ ಇದೆ, ಹೆಸರು ಬರೆಯಬಾರದು ಎಂಬ ಕರಾರಿನ ಮೇಲೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮೇಲಿನ ಓಣಿಯ ವಾಲಿನ ತಲೆಗೆ ಯಾರೋ ಬಿಳಿ ದಾರ ಸುತ್ತಿದ್ದರು, ನಾನು ಯಾವಾಗ ತಿರುಗಿಸುತ್ತೇನೆ ಎಂದು ಹಿಡಿಯಲು. ಗಂಟು ಸಡಿಲವಾಗಿತ್ತು, ಕಲಿಯದವರು ಹಾಕಿದ್ದು. ನನಗೆ ಸಿಟ್ಟು ಬರಲಿಲ್ಲ. ಬಿಚ್ಚಿ, ನೀರು ಬಿಟ್ಟು, ಆಮೇಲೆ ಅದೇ ದಾರವನ್ನು ಹಾಗೇ ಸಡಿಲವಾಗಿ ಸುತ್ತಿ ಬಂದೆ.

ದಸರೆ ಮುಗಿಯಿತು. ಮುಖ್ಯ ಶಿಕ್ಷಕಿ ಮನೆಯಲ್ಲಿದ್ದು ಕಲಿಯುವ ಮಾತು ಮತ್ತೆ ಎತ್ತಲಿಲ್ಲ. ವಹಿಯಲ್ಲಿ ಒಣ ದಿನಗಳು ಸಾಲಾಗಿ ಬರತೊಡಗಿದವು. ನಾನು ಮಾತ್ರ ಪ್ರತಿ ಸಂಜೆ ಲಂಗ ಮೂಸುವುದನ್ನು ಬಿಡಲಿಲ್ಲ. ವಹಿಯಲ್ಲಿ ಬರೆದದ್ದೂ ಸುಳ್ಳಿರಬಹುದು ಎಂದು, ನಾನೇ ಬರೆದದ್ದಾದರೂ.

ಕೂಸು ಸಾಲೆಯಿಂದ ಕಿತ್ತೂರಿನ ಸುದ್ದಿ ತಂದಾಗ ನಾನೂ ಬರುತ್ತೇನೆ ಎಂದೆ.

"ನೀ ಬಂದ್ರ ನಾ ಹೋಗೂದಿಲ್ಲ," ಎಂದಳು. "ಎಲ್ಲಾರೂ ಅವ್ವ ಅಪ್ಪ ಇಲ್ಲದ ಬರ್ತಾರ. ನನಗೊಂದ ಬಾಲಾ ಯಾಕ?"

ಇವತ್ತು ಬೆಳಿಗ್ಗೆ ನೀರು ಹಾಕುವಾಗ ಅವಳು ಮಣೆಯ ಮೇಲೆ ಕಾಲಿಟ್ಟು, ಮುಂದಕ್ಕೆ ಬಾಗಿ, ಖಾಲಿ ಬಾಟಲಿಯಲ್ಲಿ ಊದುತ್ತ ಕುಳಿತಳು. ಊದಿದರೆ ಹೊಟ್ಟೆಗೆ ಬಲ ಬರುತ್ತದೆ, ಅದೂ ನರ್ಸ್ ಹೇಳಿದ್ದೇ. ಚಾವಿಯನ್ನು ತಾನೇ ಹಿಡಿದಳು. ಅರ್ಧ ತೆರೆದು, ನಿಲ್ಲಿಸಿ, ಮತ್ತೆ ತೆರೆದು. ನನಗಿಂತ ಹದವಾಗಿ ಬಿಟ್ಟಳು. ಹಗಲೆಲ್ಲ ನಾನು ಬಸ್ಸಿನ ದಾರಿ ನೋಡುತ್ತ, ಡ್ರೈವರ್ ಜೋರಾಗಿ ಓಡಿಸಿರಬೇಕು, ಯಾರೋ ಕೊಟ್ಟ ಮಿರ್ಚಿ ತಿಂದಿರಬೇಕು, ಕೋಟೆಯ ಮೆಟ್ಟಿಲಲ್ಲಿ ಬಿದ್ದಿರಬೇಕು ಎಂದು ಒಬ್ಬೊಬ್ಬರ ಮೇಲೂ ತಪ್ಪು ಹೊರಿಸುತ್ತ ಕುಳಿತಿದ್ದೆ. ಉಳಿದದ್ದು ಮೊದಲೇ ಬರೆದಿದ್ದೇನೆ.

ಸಂಜೆ ಸೊಸೆ ಬೆಲ್ಲ ಹಾಕಿ ಸಿಹಿ ಮಾದ್ಲಿ ಮಾಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಮಗ ಟ್ರ್ಯಾಕ್ಟರ್ ಬೇಗ ನಿಲ್ಲಿಸಿ ಬಂದ. ಕೂಸು ತನ್ನ ತಾಟನ್ನು ಹಿತ್ತಲ ಬಾಗಿಲಿನಿಂದ ಎತ್ತಿ ತಂದು ಅಪ್ಪನ ಪಕ್ಕದಲ್ಲಿ ಇಟ್ಟು ಕುಳಿತಳು. ಕೋಟೆಯಲ್ಲಿ ಬಾಜೂಕ ಕುಳಿತ ಗೆಳತಿ ಬುತ್ತಿಯಲ್ಲಿ ಏನು ತಂದಿದ್ದಳು ಎಂಬುದೇ ಅವಳ ದೊಡ್ಡ ಕತೆ, ರಾಣಿಯ ಅರಮನೆಯ ಬಗ್ಗೆ ಎರಡು ಮಾತು ಕೂಡ ಇಲ್ಲ. ಒಂದು ರೊಟ್ಟಿ, ಎರಡು ರೊಟ್ಟಿ. ಮೂರನೆಯದಕ್ಕೆ ಕೈ ಚಾಚಿದಾಗ ನಾನು ನೋಡುತ್ತಿರುವುದು ಅವಳಿಗೆ ಕಂಡಿತು.

"ಏನ ಆಯಿ, ನನ್ನ ಬಾಯಿಗೂ ದಾರ ಕಟ್ಟಾಕಿ ಏನ?"

ಮಗ ನಕ್ಕ. ಅವನು ನಕ್ಕದ್ದು ನೋಡಿ ಕೂಸು ನಕ್ಕಿತು. ಸೊಸೆ ನಗಲಿಲ್ಲ. ಎದ್ದು ಒಳಗೆ ಹೋಗಿ ಒಂದು ವಾಟಗದ ತುಂಬ ಮಜ್ಜಿಗೆ ತಂದು ನನ್ನ ತಾಟಿನ ಪಕ್ಕದಲ್ಲಿ ಇಟ್ಟಳು.

"ಕುಡೀರಿ ಅತ್ತಿ. ಇದರಾಗ ಏನೂ ಕಲಸಿಲ್ಲ."

ಹೇಳುವಾಗ ಅವಳ ತುಟಿಯ ಒಂದು ಮೂಲೆ ಮಾತ್ರ ಅಲ್ಲಾಡಿತು. ನಾನು ವಾಟಗ ಎತ್ತಿ, ಮೂಸಿ ನೋಡದೆ, ಒಂದೇ ಉಸಿರಿಗೆ ಕುಡಿದೆ.